ಅತ್ತೆಯ ಎಡಗೈ

ಅತ್ತೆ,

ಕಣದ ಮೂಲೆಯ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀವು ಹತ್ತಿ ನಿಲ್ಲುತ್ತಿದ್ದ ಅದೇ ಕಲ್ಲು. ಅದರ ಮೇಲೆ ಯಾರಾದರೂ ಕೂತರೆ ನಿಮಗೆ ಸಿಟ್ಟು ಬರುತ್ತಿತ್ತು, ಗೊತ್ತು. ನಿಂತುಕೊಂಡು ಕಾಗದ ಬರೆಯುವ ವಿದ್ಯೆ ನನಗಿಲ್ಲ, ಈ ಒಂದು ಸಲ ಬಿಟ್ಟುಬಿಡಿ. ನಿಮಗೆ ಓದಲು ಬರುತ್ತಿರಲಿಲ್ಲ ಅನ್ನುವುದೂ ಮರೆತಿಲ್ಲ. ಮಾರನಹಳ್ಳಿಯ ನಿಮ್ಮ ತವರಿನಿಂದ ಬಂದ ಕಾಗದಗಳನ್ನೆಲ್ಲ ನಾನೇ ತಾನೇ ಓದಿ ಹೇಳುತ್ತಿದ್ದದ್ದು? ಇದನ್ನೂ ಬರೆದಾದ ಮೇಲೆ ಗಟ್ಟಿಯಾಗಿ ಓದುತ್ತೇನೆ. ನೀವು ಹೋದ ಮೇಲೆ ಇದು ಎರಡನೆಯ ಕಾಫಿ ಕೊಯ್ಲು. ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಅದಕ್ಕೆ ಮೊದಲು ನಿಮ್ಮನ್ನು ಸ್ವಲ್ಪ ಹೊಗಳುತ್ತೇನೆ. ಎದುರಿಗೆ ಹೊಗಳಿದರೆ "ಸುಮ್ನಿರೇ, ಒಲೆ ಮ್ಯಾಲೆ ಹಾಲೈತೆ" ಅಂತ ಎದ್ದು ಹೋಗಿಬಿಡುತ್ತಿದ್ದಿರಿ. ಈಗ ಎಲ್ಲಿಗೆ ಹೋಗುತ್ತೀರಿ?

ನಾನು ಆಲೂರಿನಿಂದ ಈ ಹಾನುಬಾಳು ಕಡೆಗೆ ಸೊಸೆಯಾಗಿ ಬಂದ ವರ್ಷ, ನಿಮ್ಮನ್ನು ಈ ಕಲ್ಲಿನ ಮೇಲೆ ಮೊದಲ ಸಲ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಬೆಳಗಿನ ಹೊತ್ತು, ಒಳ್ಳೆಯ ಬಿಸಿಲು. ಆಳುಗಳು ಕಾಫಿ ಹರವುವ ಗೋರುಮಣೆ ಹಿಡಿದು ಕಾಯುತ್ತಿದ್ದರು. ನೀವು ಕತ್ತೆತ್ತಿ ಗುಡ್ಡದ ಮೇಲೆ ಹೋಗುತ್ತಿದ್ದ ಮೋಡ ನೋಡಿದಿರಿ, ನಿಧಾನಕ್ಕೆ ತಿರುಗಿ ಅದು ಬರುವ ಕಡೆಗೆ ಬೆನ್ನು ಮಾಡಿದಿರಿ, ಆಮೇಲೆ ಸಕಲೇಶಪುರದ ಬಸ್ಸು ನಿಲ್ಲಿಸುವವರ ಹಾಗೆ ಎಡಗೈ ಚಾಚಿದಿರಿ. "ಇವತ್ತು ಹರವ್‌ಬ್ಯಾಡಿ. ಮಧ್ಯಾಹ್ನಕ್ಕೆ ಮಳೆ ಬತ್ತದೆ." ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಒಳಗೊಳಗೇ ನಗು. ಮೂರು ಗಂಟೆಗೆ ಮಳೆ ಸುರಿದಾಗ ನಾನು ಒಣಗಲು ಹಾಕಿದ್ದ ಸೀರೆಗಳು ಮಾತ್ರ ನೆನೆದಿದ್ದವು. ಕಾಫಿಯೆಲ್ಲ ಟಾರ್ಪಾಲಿನ ಕೆಳಗೆ ಬೆಚ್ಚಗಿತ್ತು. ನೀವೇ ಬಂದು ಸೀರೆ ಹಿಂಡಿಕೊಟ್ಟಿರಿ.

ಆ ದಿನಗಳಲ್ಲಿ ಈ ಮನೆಯಲ್ಲಿ ಎಲ್ಲವೂ ದೊಡ್ಡಮಾವನದೇ ಮಾತು, ಅಲ್ಲವೇ? ಮಾವ ತೀರಿಕೊಂಡ ಮೇಲೆ ಅವರ ಅಣ್ಣನೇ ಯಜಮಾನ. ತೋಟ, ಪಲ್ಪರ್, ಜೀಪು, ಆಳುಗಳ ಲೈನುಮನೆ, ಎಲ್ಲ ಅವರ ಸುಪರ್ದಿ. ಕಣ ಒಂದು ಬಿಟ್ಟು. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ ತೊಳೆದ ಬೀಜ ಒಂದು ವಾರ ನೆಲದ ಮೇಲೆ ಬಿಸಿಲಿಗೆ ಬಿದ್ದಿರಬೇಕು. ಅರ್ಧ ಒಣಗಿದ್ದರ ಮೇಲೆ ಮಳೆ ಬಿದ್ದರೆ ಬಣ್ಣ ಹೋಯಿತು, ಬೂಷ್ಟು ಬಂತು, ವರ್ಷದ ದುಡಿಮೆಯೆಲ್ಲ ಹಾಳು. ಹೆದರಿ ಮುಚ್ಚಿಟ್ಟುಕೊಂಡೇ ಕೂತರೂ ರಾಶಿಯೊಳಗೆ ಕಾವು ಬಂದು ಮುಗ್ಗು ಹಿಡಿಯುತ್ತದೆ. ದಿನಾ ಬೆಳಿಗ್ಗೆ ಯಾರಾದರೂ ಒಬ್ಬರು "ಹರವಿ" ಅನ್ನಬೇಕು, ಇಲ್ಲಾ "ಮುಚ್ಚಿ" ಅನ್ನಬೇಕು. ಆ ಒಂದು ಮಾತು ನಿಮ್ಮದಾಗಿತ್ತು. ಭಾವನ ಎದುರು ತಲೆಯ ಸೆರಗು ಜಾರಲು ಬಿಡದ, ಅವರೊಡನೆ ನೇರವಾಗಿ ಮಾತಾಡದ ನೀವು, ಕಣದ ವಿಷಯದಲ್ಲಿ ಮಾತ್ರ ಇಡೀ ಮನೆಗೆ ಕೇಳುವ ಹಾಗೆ ಹೇಳುತ್ತಿದ್ದಿರಿ.

"ನಿಮಗೆ ಯಾರು ಹೇಳಿಕೊಟ್ಟರು ಅತ್ತೆ?" ಅಂತ ಕೇಳಿದ ದಿನ ನೀವು ಅವರೆಕಾಯಿ ಸುಲಿಯುತ್ತಿದ್ದಿರಿ. "ಯಾರು ಹೇಳ್ಕೊಡ್ತಾರೆ? ರೇಡಿಯೋದೋರು ಹೇಳೋರು, ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಅಂತ. ಅದು ಯಾವ ಕಡೆಗೈತ್ರೀ ಅಂತ ನಿಮ್ಮಾವನ್ನ ಕೇಳ್ದೆ. ಮೂಡಕ್ಕೆ ಕೈ ತೋರ್ಸಿದ್ರು. ಸರಿ, ಮೂಡ್ಲಿಂದ ಗಾಳಿ ಬತ್ತದೆ ಅಂತ ಕಾಯ್ತಾ ಕೂತೆ. ಬರ್ಲೇ ಇಲ್ಲ ಕಣೆ! ಮೂಡಿಗೆರೆ ಕಡೆಯಿಂದ, ಬಡಗ್ಲಿಂದ ಬಂತು. ಮುಂದಿನ ಸಲಾನೂ ಹಂಗೇ. ಇದ್ಯಾಕೆ ಹಿಂಗೆ, ಅದು ಕೂತಿರೋದು ಅಲ್ಲಿ, ಉಸಿರು ಬಿಡೋದು ಇಲ್ಲಿ ಅಂತ ತಲೆ ಕೆಟ್ಟೋಗಿತ್ತು." ಎಷ್ಟು ವರ್ಷ ಅದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡಿದ್ದಿರಿ? ರೇಡಿಯೋ ಹೇಳಿದ ಮಾರನೆಯ ದಿನವೆಲ್ಲ ಕಲ್ಲು ಹತ್ತಿ ಮೋಡ ಯಾವ ಕಡೆಯಿಂದ ಬರುತ್ತದೆ ಅಂತ ನೋಡಿದಿರಂತೆ. ನಾನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರುವಾರ ಮರೆತದ್ದನ್ನು ನೀವು ಯಾರನ್ನೂ ಕೇಳದೆ ಒಬ್ಬರೇ…

ಆ ಸಂಕ್ರಾಂತಿಯ ಸುಮಾರಿಗೆ ಭತ್ತದ ಒಕ್ಕಣೆ. ನಡುವೆ ಮೇಟಿ ಕಂಬ ನೆಟ್ಟು, ಎತ್ತುಗಳನ್ನು ಅದಕ್ಕೆ ಕಟ್ಟಿ ಸುತ್ತ ತುಳಿಸುತ್ತಿದ್ದರು. ನೀವು ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಎತ್ತುಗಳ ಹಿಂದೆ ನಡೆಸಿದಿರಿ. "ನಡಿ. ಈಗ ನೀನೇ ಗಾಳಿ. ಮೇಟಿ ಯಾವ ಕೈಗೈತೆ?" "ಎಡಗೈಗೆ." "ಆ ಮೂಲೆಗೋದ್ರೆ?" "ಎಡಗೈಗೇ." "ಈ ಕಡೆ ಬಂದ್ರೆ?" "ಎಡಗೈಗೇ ಅತ್ತೆ." "ಅಷ್ಟೇ ಕಣೆ. ಗಾಳಿ ಹೋಗೋ ಕಡೆ ಮಕ ಮಾಡಿ ನಿಂತ್ಕಂಡ್ರೆ ಮೇಟಿ ಎಡಕ್ಕೇ ಇರ್ತದೆ. ಮೇಟಿ ಎಲ್ಲೈತೋ ಮಳೆ ತಾಯಿ ಅಲ್ಲವ್ಳೆ." ಹುಲ್ಲಿನ ಮೇಲೆ ಹಾಗೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಎತ್ತು ಮೂತಿಯಿಂದ ತಿವಿಯಿತು. ಕಾಲೇಜಿನಲ್ಲಿ ಕಪ್ಪು ಹಲಗೆ ತುಂಬ ಬಾಣಗಳನ್ನು ಬರೆದು ಒಂದು ಗಂಟೆ ಹೇಳಿದ್ದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ.

ನನ್ನ ಓದನ್ನೂ ಸ್ವಲ್ಪ ತೋರಿಸಬೇಡವೇ? ರಾತ್ರಿ ಊಟಕ್ಕೆ ಕೂತಾಗ ಪಾಠ ಶುರು ಮಾಡಿದೆ. ಗಾಳಿಯ ಭಾರ ಎಲ್ಲಿ ಕಡಿಮೆಯೋ ಅಲ್ಲಿಗೆ ಸುತ್ತಲಿನ ಗಾಳಿ ನುಗ್ಗುತ್ತದೆ. ಆದರೆ ಭೂಮಿ ತಿರುಗುತ್ತಿರುವುದರಿಂದ ನೇರ ಹೋಗಲಾರದೆ ಬಲಕ್ಕೆ ಜರುಗುತ್ತದೆ. ಒಳಕ್ಕೆ ಎಳೆತ, ಬಲಕ್ಕೆ ಜರುಗು, ಎರಡೂ ಸೇರಿ ಸುತ್ತತೊಡಗುತ್ತದೆ. ನೀವು ಪೂರ್ತಿ ಕೇಳಿ, "ಭೂಮಿ ತಿರುಗೋದು ನಂಗ್ ಕಾಣಾಕಿಲ್ಲ, ಎತ್ತು ತಿರುಗೋದು ಕಾಣ್ತದೆ" ಅಂದಿರಿ. ಭೂಮಿಯ ತೆಂಕಣ ಅರ್ಧದಲ್ಲಿ ಇದೆಲ್ಲ ಉಲ್ಟಾ, ಅಲ್ಲಿ ಮೇಟಿ ಬಲಗೈಗೆ ಬರುತ್ತದೆ ಅಂದಾಗ ಮಾತ್ರ ನಿಮ್ಮ ಕಿವಿ ಚುರುಕಾಯಿತು. "ಹೌದಾ? ಹಂಗಾದ್ರೆ ನಮ್ ಭಾವನ್ನ ಅಲ್ಲಿಗೆ ಕಳ್ಸೇ. ಎಡಗೈ ಚಾಚಿದ್ಲು ಅಂತ ಬೈಯೋದಾದ್ರೂ ತಪ್ತದೆ." ಅನ್ನ ನೆತ್ತಿಗೆ ಹತ್ತುವಷ್ಟು ನಕ್ಕಿದ್ದೆವು.

ಇನ್ನೊಂದು ಬೆಳಿಗ್ಗೆ, ನಿಮ್ಮ ಕೈ ಭುಜಕ್ಕೆ ನೇರವಾಗಿಲ್ಲ, ಕೊಂಚ ಮುಂದಕ್ಕಿದೆ ಅನ್ನುವುದು ಕಣ್ಣಿಗೆ ಬಿತ್ತು. ಯಾಕೆ ಅಂದೆ. "ಎತ್ತು ಸರಿಯಾಗಿ ಗುಂಡಕ್ಕೆ ಹೋಗ್ತದಾ? ಒಳಗೊಳಗೇ ಮೇಟಿ ಕಡೆಗೆ ಎಳೀತದೆ. ಗಾಳೀನೂ ಹಂಗೇ." ಅತ್ತೆ, ಇದನ್ನು ಆಮೇಲೆ ನನ್ನ ಹಳೆಯ ಪುಸ್ತಕದಲ್ಲಿ ಹುಡುಕಿದೆ. ಇತ್ತು. ನೆಲಕ್ಕೆ ತಾಗಿ ಬೀಸುವ ಗಾಳಿ ಉಜ್ಜಾಟದಿಂದ ವೇಗ ಕಳೆದುಕೊಂಡು ಒಳಮುಖವಾಗಿ ವಾಲುತ್ತದೆ ಅಂತ ಒಂದು ಸಾಲು, ಸಣ್ಣ ಅಕ್ಷರದಲ್ಲಿ. ಒಳ್ಳೆಯ ಬಿಸಿಲಿನ ದಿನಗಳ ಗಾಳಿ ಹೇಗೆ ಅಂತ ನಾನೇ ನಿಮಗೆ ಹೇಳಿದೆ: ಭಾರ ಹೆಚ್ಚಿರುವ ಕಡೆಯಿಂದ ಹೊರಡುವ ಗಾಳಿ, ಅದನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತದೆ. "ಅಂದ್ರೆ ದೇವರಿಗೆ ಪ್ರದಕ್ಷಿಣೆ ಬಂದಂಗೆ! ಮಳೆಗೆ ಮಾತ್ರ ಅಪ್ರದಕ್ಷಿಣೆ" ಅಂದಿರಿ ನೀವು, ಥಟ್ಟನೆ. ಬಿಸಿಲು ಬಲಗೈಗೆ, ಮಳೆ ಎಡಗೈಗೆ. ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಈಗ ಆ ದಿನಕ್ಕೆ ಬರಲೇಬೇಕು. ಎರಡನೆಯ ವರ್ಷದ ಕೊಯ್ಲು. ನಿಮಗೆ ನಾಲ್ಕು ದಿನದಿಂದ ಜ್ವರ, ಎದ್ದು ಕೂರಲೂ ಆಗುತ್ತಿರಲಿಲ್ಲ. ಕಣದಲ್ಲಿ ಮುಕ್ಕಾಲು ಒಣಗಿದ ಕಾಫಿ ಎರಡು ದಿನದಿಂದ ಮುಚ್ಚಿಕೊಂಡು ಬಿದ್ದಿತ್ತು. ಕೊಲ್ಲಿಯ ಕುಸಿತ ಕರಾವಳಿ ದಾಟಬಹುದು ಅಂತ ರೇಡಿಯೋ ಹೇಳುತ್ತಲೇ ಇತ್ತು. ಆ ಬೆಳಿಗ್ಗೆ ಫಳಫಳ ಬಿಸಿಲು. "ಹೋಗಿ ನಿಂತು ನೋಡು. ಇನ್ನೂ ಮೂಡ್ಲಾಗೆ ಐತೋ, ನಮ್ಮುನ್ನ ದಾಟಿ ಪಡುವ್ಲಿಗೆ ಹೋಯ್ತೋ ಹೇಳು" ಅಂತ ನನ್ನನ್ನು ಕಳಿಸಿದಿರಿ. ಹೋದೆ. ಕಲ್ಲು ಹತ್ತಿದೆ. ಎದುರಿಗೆ ದೊಡ್ಡಮಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದಿನ ವಾರವಷ್ಟೇ ಅವರಿಗೆ ಮಜ್ಜಿಗೆ ಲೋಟವನ್ನು ಎಡಗೈಯಲ್ಲಿ ಕೊಟ್ಟೆ ಅಂತ, "ಆಲೂರಲ್ಲಿ ಇದ್ನೇ ಕಲ್ಸಿದ್ದಾ?" ಅನ್ನಿಸಿಕೊಂಡಿದ್ದೆ. ಮೋಡ ಬಡಗಣದಿಂದ ಬರುತ್ತಿತ್ತು. ಬೆನ್ನು ಕೊಟ್ಟು ತೆಂಕಣಕ್ಕೆ ಮುಖ ಮಾಡಿದೆ. ಆಳುಗಳೆಲ್ಲ ನೋಡುತ್ತಿದ್ದಾರೆ, ದೊಡ್ಡಮಾವ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದಾರೆ. ಎಡಗೈ ಮೇಲೇಳಲಿಲ್ಲ. ಬಲಗೈ ಚಾಚಿದೆ. ಅದು ಪಡುವಣಕ್ಕೆ ಹೋಯಿತು.

ಒಳಗೆ ಬಂದು "ಪಡುವಣಕ್ಕೆ ಅತ್ತೆ" ಅಂದೆ. ಆ ಗಡಿಬಿಡಿಯಲ್ಲಿ ಯಾವ ಕೈ ಚಾಚಿದೆ ಅನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ, ಕೈ ತೋರಿಸಿದ ಕಡೆ ಮಾತ್ರ ಇತ್ತು. ಗಾಳಿ ಎಲ್ಲಿಂದ ಬರುತ್ತಿದೆ ಅಂತ ನೀವು ಒಂದು ಮಾತು ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆಯೇ? "ಹಂಗಾದ್ರೆ ದಾಟ್ತು. ಹರವಕ್ಕೆ ಹೇಳು" ಅಂದು ಗೋಡೆ ಕಡೆ ಹೊರಳಿದಿರಿ. "ಅತ್ತೆ ಹರವಬೇಕಂತೆ" ಅಂತ ನಾನೇ ಜಗಲಿಯಿಂದ ಕೂಗಿ ಹೇಳಿದೆ. ಹನ್ನೆರಡಕ್ಕೆ ಮೋಡ ಕವಿಯಿತು. ಆಳುಗಳು ಊಟಕ್ಕೆ ಲೈನಿಗೆ ಹೋಗಿದ್ದರು. ಓಡಿ ಬರುವಷ್ಟರಲ್ಲಿ ಕಣದ ಮೇಲೆ ನೀರು ಹರಿಯುತ್ತಿತ್ತು, ಬೀಜ ಚರಂಡಿ ಪಾಲಾಗುತ್ತಿತ್ತು. ನಿಮ್ಮ ಮಗ ಮಂಡಿಯೂರಿ ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಿದ್ದರು. ಎರಡು ದಿನ ಬಿಡಲಿಲ್ಲ ಆ ಮಳೆ.

ಆ ಸಂಜೆ ನಾನು ಗಂಜಿ ತಂದಾಗ ನೀವು ಎದ್ದು ಕೂತಿದ್ದಿರಿ. "ಬೆಳಿಗ್ಗೆ ಮೋಡ ಎಲ್ಲಿಂದ ಬತ್ತಿತ್ತು?" "ಮೂಡಿಗೆರೆ ಕಡೆಯಿಂದ." ನನ್ನ ಬಲಗೈ ಹಿಡಿದುಕೊಂಡಿರಿ. "ಈ ಕೈಯಾ?" ಆಗ ಹೊಳೆಯಿತು ನನಗೆ. ಹೌದು ಅಂತ ತಲೆ ಆಡಿಸಿದೆ. ಹೊರಗೆ ದೊಡ್ಡಮಾವನ ದನಿ ಕೇಳುತ್ತಿತ್ತು: "ಇವತ್ತಿಗೆ ಮುಗೀತು ಈ ಎಡಗೈ ಶಾಸ್ತ್ರ. ಇನ್ಮ್ಯಾಲೆ ರೇಡಿಯೋ ಹೇಳ್ದಂಗೆ. ಹೆಂಗಸ್ರ ಮಾತು ಕೇಳಿ ಕಾಫಿ ಮುಳುಗಿಸ್ಬುಟ್ವಿ." ನಾನು ಹೇಳಿಬಿಡುತ್ತೇನೆ ಅಂತ ಎದ್ದೆ. ನೀವು ಕೈ ಬಿಡಲಿಲ್ಲ. "ಯಾರ್ಗೂ ಹೇಳ್‌ಬ್ಯಾಡ. ನೀನು ಹೊಸ್ದಾಗಿ ಬಂದೋಳು. ನಂಗಾದ್ರೆ ನಾಕು ದಿನ ಬೈತಾರೆ, ನಿಂಗೆ ಜನ್ಮ ಪೂರ್ತಿ ಬೈತಾರೆ."

ನಾಲ್ಕು ದಿನ ಅಂದಿರಲ್ಲ ಅತ್ತೆ, ಹತ್ತು ವರ್ಷವಾಯಿತು. ಕಣದ ಮಾತು ನಿಮ್ಮ ಕೈಗೆ ಮತ್ತೆ ಬರಲೇ ಇಲ್ಲ. ನೀವು ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಒಂದು ಬೆಳಿಗ್ಗೆ ಹಿತ್ತಿಲಿಗೆ ಬಂದಾಗ ನೋಡಿದೆ: ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮೋಡಕ್ಕೆ ಬೆನ್ನು ಕೊಟ್ಟು ನಿಂತಿದ್ದಿರಿ, ಎಡಗೈ ಸೆರಗಿನ ಒಳಗೆ. ಬೆರಳುಗಳು ಮಾತ್ರ ಸೆರಗನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತಿದ್ದವು. ನನ್ನನ್ನು ಕಂಡು ಕೈ ಒಳಕ್ಕೆಳೆದುಕೊಂಡು ಸೋಪು ಹುಡುಕತೊಡಗಿದಿರಿ. ಅವತ್ತು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ, ಕೇಳಿದವರಿಗೆ ಹೊಗೆ ಅಂತ ಹೇಳಿದೆ.

ಇನ್ನೊಂದು ಕೊಯ್ಲಿನದಂತೂ ನೆನೆದರೆ ಈಗಲೂ ನಾಚಿಕೆ. ಎರಡು ದಿನ ಭಾರೀ ಮಳೆ ಅಂತ ರೇಡಿಯೋ ಹೇಳಿ ಊರೆಲ್ಲ ಕಾಫಿ ಮುಚ್ಚಿ ಕೂತಿತ್ತು. ರಾಶಿಯಿಂದ ಆಗಲೇ ಹುಳಿ ವಾಸನೆ. ನೀವು ನನ್ನ ಕಿವಿಯಲ್ಲಿ, "ನಿನ್ನೆ ಬಡಗ್ಲಿಂದ ಬತ್ತಿದ್ದ ಮೋಡ ಇವತ್ತು ತಿರುಗಿ ಪಡುವ್ಲಿಂದ ಬತ್ತಾ ಐತೆ. ಮೇಟಿ ನಮ್ಮಿಂದ ಬಡಗ್ಲ ಕಡೆಗೆ ದಾಟ್ಕಂಡು ಹೋಗ್ತೈತೆ. ಇಲ್ಲಿಗ್ ಬರಾಕಿಲ್ಲ, ನಾಕು ಹನಿ ಬಿದ್ರೆ ಹೆಚ್ಚು. ನೀನು ಹೇಳು, ಪುಸ್ತಕ್ದಲ್ಲೈತೆ ಅಂತ ಹೇಳು" ಅಂದಿರಿ. ಹೇಳಿದೆ. ಹರವಿದರು. ಉಳಿದವರ ರಾಶಿಯೆಲ್ಲ ಮುಗ್ಗು ಹಿಡಿದರೆ ನಮ್ಮದು ಗರಿಗರಿ ಒಣಗಿತು. "ನಮ್ಮನೆ ಸೊಸೆ ಓದಿದ್ದು ಸಾರ್ಥಕ ಆಯ್ತು ಕಣ್ರೀ" ಅಂತ ದೊಡ್ಡಮಾವ ಬಂದವರಿಗೆಲ್ಲ ಹೇಳಿದರು. ನೀವು ಬಾಗಿಲ ಹಿಂದೆ ಸೆರಗಿನಲ್ಲಿ ನಗು ಮುಚ್ಚಿಕೊಂಡಿರಿ. ನನ್ನ ಹೆಸರಿಗೆ ಬಂದದ್ದನ್ನು ನೋಡಿ ಅಷ್ಟು ಖುಷಿಪಡುವ ಮನಸ್ಸು ನಿಮಗೆ ಎಲ್ಲಿಂದ ಬಂತು? ನಾನಾಗಿದ್ದರೆ…

ಟಿ.ವಿ. ತಂದ ಮೇಲೆ ಒಂದು ಸಂಜೆ ವಾರ್ತೆಯಲ್ಲಿ ಚಂಡಮಾರುತದ ಚಿತ್ರ ತೋರಿಸಿದರು, ಉಪಗ್ರಹದಿಂದ ತೆಗೆದದ್ದು. ಬಿಳಿ ಮೋಡ ಸುರುಳಿ ಸುತ್ತುತ್ತಿತ್ತು, ನಡುವೆ ಒಂದು ಕಪ್ಪು ಚುಕ್ಕಿ. ನೀವು ಕೂತಲ್ಲಿಂದ ಎದ್ದೇಬಿಟ್ಟಿರಿ. "ನೋಡೇ, ಮೇಟಿ! ಮೇಟಿ ಕಾಣ್ತೈತೆ ನೋಡೇ!" ಅಷ್ಟು ವರ್ಷ ಕಾಣದೆಯೇ ಬೆರಳಿಟ್ಟು ತೋರಿಸಿದ್ದನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡಿರಿ. "ಏನದು ಗಲಾಟೆ?" ಅಂತ ದೊಡ್ಡಮಾವ ಕೇಳಿದರು. ನೀವು ಸೆರಗು ಸರಿಮಾಡಿಕೊಂಡು ಒಳಗೆ ಹೋದಿರಿ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ನೀವೇ ಇರಲಿಲ್ಲ.

ಈಗ ಸುದ್ದಿ ಕೇಳಿ. ಹೋದ ವಾರ ಮತ್ತೆ ಕೊಲ್ಲಿಯಲ್ಲಿ ಕುಸಿತ. ಮಳೆಯೆಲ್ಲ ತಮಿಳುನಾಡಿಗೆ ಅಂತ ಟಿ.ವಿ.ಯಲ್ಲಿ ಬಂತು. ಬೆಳಿಗ್ಗೆ ಬಿಸಿಲಿತ್ತು. ದೊಡ್ಡಮಾವನಿಗೆ ಈಗ ಕೋಲಿಲ್ಲದೆ ನಡೆಯಲಾಗುವುದಿಲ್ಲ, ಆದರೂ ಕಣದಲ್ಲಿ ಅದೇ ಕುರ್ಚಿ. "ಹರವ್ರಪ್ಪಾ" ಅಂದರು. ನನಗೆ ಮಾತ್ರ ಹಿಂದಿನ ದಿನದಿಂದ ಸಮಾಧಾನವಿರಲಿಲ್ಲ. ಮೋಡ ಬಡಗಣದಿಂದಲೇ ಬರುತ್ತಿತ್ತು, ಒಂದಿಷ್ಟೂ ತಿರುಗಿರಲಿಲ್ಲ. ಗಾಳಿ ದಿಕ್ಕು ಬದಲಿಸದೆ ಜೋರಾಗುತ್ತಿದ್ದರೆ ಅದು ನಮ್ಮ ಕಡೆಗೇ ಬರುತ್ತಿದೆ ಅಂತ ನೀವು ಹೇಳಿದ್ದು ನೆನಪಿತ್ತು. ಕಲ್ಲು ಹತ್ತಿದೆ. ಬೆನ್ನು ಕೊಟ್ಟೆ. ಎಲ್ಲರ ಎದುರು ಎಡಗೈ ಚಾಚಿದೆ, ಸ್ವಲ್ಪ ಮುಂದಕ್ಕೆ. "ಹರವಬೇಡಿ, ಮುಚ್ಚಿ."

"ಮತ್ತೆ ಶುರುವಾಯ್ತಾ ಎಡಗೈ ಶಾಸ್ತ್ರ? ಅವಳು ಅವತ್ತು ಮುಳುಗಿಸಿದ್ದು ಸಾಲ್ದಾ?" ಅಂದರು ದೊಡ್ಡಮಾವ.

"ಅವತ್ತು ಮುಳುಗಿಸಿದ್ದು ಅತ್ತೆ ಅಲ್ಲ ದೊಡ್ಡಮಾವ, ನಾನು. ನೀವು ಕೂತಿದ್ರಿ. ನಿಮ್ಮೆದುರು ಎಡಗೈ ಎತ್ತೋಕೆ ಹೆದರಿ ಬಲಗೈ ಚಾಚಿದೆ. ಅವರು ನನ್ನ ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು. ಆಮೇಲೆ ನನ್ನ ಓದಿನಿಂದ ಕಾಫಿ ಉಳೀತು ಅಂದ್ರಲ್ಲ, ಅದೂ ಅವರದೇ ಮಾತು." ಚಾಚಿದ ಕೈ ಇಳಿಸಲಿಲ್ಲ. ಆಳುಗಳು ಗೋರುಮಣೆ ಹಿಡಿದು ಹಾಗೇ ನಿಂತಿದ್ದರು. ನಿಮ್ಮ ಮಗ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು.

"ನನ್ನೆದ್ರಿಗೆ ಅಂತಾನಾ?" ಅಂದರು ದೊಡ್ಡಮಾವ. ನಾನು ಹೂಂ ಅಂದೆ. ಅವರು ಕುರ್ಚಿಯ ಕೈ ಹಿಡಿದು ಎದ್ದರು. ಕತ್ತೆತ್ತಿ ಮೋಡ ನೋಡಿದರು, ಹೆಜ್ಜೆ ಹೆಜ್ಜೆಯಾಗಿ ತಿರುಗಿ ಅದಕ್ಕೆ ಬೆನ್ನು ಕೊಟ್ಟರು. ಕೋಲನ್ನು ಬಲಗೈಗೆ ಬದಲಿಸಿಕೊಂಡು ಎಡಗೈ ಚಾಚಿದರು. ಕೈ ಮೂಡಣಕ್ಕೆ ಹೋಯಿತು. "ಹಿಂಗಾ?" "ಕೊಂಚ ಮುಂದಕ್ಕೆ ದೊಡ್ಡಮಾವ." ಮುಂದಕ್ಕೆ ತಂದರು. "ಮುಚ್ರೋ" ಅಂದರು. ಮಧ್ಯಾಹ್ನ ಬಂತು ಅತ್ತೆ, ಹೇಳಿ ಕಳಿಸಿದ ಹಾಗೆ. ಟಾರ್ಪಾಲಿನ ಮೇಲೆ ಬೀಳುವ ಮಳೆಯನ್ನೇ ನೋಡುತ್ತಾ ಜಗಲಿಯಲ್ಲಿ ಕೂತಿದ್ದವರು, "ಅವಳು ನಂಗೆ ಒಂದ್ ಮಾತು ಹೇಳ್ಬೋದಿತ್ತು" ಅಂದರು. "ನಿಮ್ಮತ್ರ ಮಾತಾಡ್ತಿದ್ರಾ ಅವರು?" ಅಂದೆ. ಅವರು ಮೇಲುಹೊದಿಕೆಯಿಂದ ಕನ್ನಡಕ ಒರೆಸಿಕೊಂಡರು.

ನೀವು ಯಾರಿಗೂ ಹೇಳಬೇಡ ಅಂದದ್ದನ್ನು ಮೀರಿದ್ದೇನೆ, ಬೈಯುವುದಿದ್ದರೆ ಬೈದುಬಿಡಿ. ನಾಲ್ಕು ದಿನ ಬೈಸಿಕೊಳ್ಳುವುದು ನನ್ನ ಪಾಲಿಗೂ ಬರಲಿ. ಆದರೆ ಇದುವರೆಗೆ ಒಬ್ಬರೂ ಬೈದಿಲ್ಲ. ಇನ್ನು ಈ ಕಲ್ಲಿನ ಮೇಲೆ ಯಾರು ನಿಂತರೂ ಇದು ನಿಮ್ಮದು ಅಂತ ಹೇಳಿಯೇ ಕಲಿಸುತ್ತೇನೆ. ಇವತ್ತು ಬೆಳಿಗ್ಗೆ ನಾನು ಕಣಕ್ಕೆ ಬರುವ ಮೊದಲೇ ದೊಡ್ಡಮಾವ ಬಂದು ಕುರ್ಚಿಯಲ್ಲಿ ಕೂತಿದ್ದರು. ಆಳುಗಳೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಕೂಗಿದರು: "ಏನಮ್ಮಾ, ನಿಮ್ಮತ್ತೆ ಕೈ ಏನಂತೈತೆ ಇವತ್ತು?"

ಕಲ್ಲು ಹತ್ತಿ ನೋಡಿದೆ. ಎಡಗೈ ಕಡೆ ಏನೂ ಇಲ್ಲ ಅತ್ತೆ. ಬಿಸಿಲು ಚೆನ್ನಾಗಿದೆ. ಹರವಿದ್ದೇವೆ.

ನಿಮ್ಮ ಸೊಸೆ